ವಾಕ್ಯ ಖರೆ ಇರಬೇಕು

ಹುಡುಗಿ ಎದ್ದು ನಿಂತು, ಗೈಡಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಂದೇ ಉಸಿರಿನಲ್ಲಿ ಹೇಳಿದಳು: ‘ದ ಕಿಂಗ್ ವಾಸ್ ಬೆನೆವಲೆಂಟ್.’ ರಾಜನು ಉದಾರಿಯಾಗಿದ್ದನು. ವ್ಯಾಕರಣದಲ್ಲಿ ಎಲ್ಲೂ ತಪ್ಪಿರಲಿಲ್ಲ. ಆದರೂ ಅಕ್ಕೋರು ಆಕೆಯನ್ನು ಕೂರಲು ಬಿಡಲಿಲ್ಲ.

‘ಯಾವ ರಾಜವಾ? ನೀ ನೋಡೀಯೇನು?’

‘ಇಲ್ರೀ.’

‘ಹಂಗಾರ ಅವಾ ಉದಾರಿ ಇದ್ದಾ ಅಂತ ನಿನಗ್ಹೆಂಗ ಗೊತ್ತು? ನೀ ನೋಡಿದವರೊಳಗ ಯಾರರ ಇದ್ರ ಹೇಳು.’

ಹುಡುಗಿ ಬಹಳ ಹೊತ್ತು ತಲೆ ಕೆರೆದುಕೊಂಡು ನಿಂತಳು. ಕಡೆಗೆ ಹರುಕುಮುರುಕು ಇಂಗ್ಲಿಷಿನಲ್ಲಿ, ತಮ್ಮ ಓಣಿಯ ಹಿಟ್ಟಿನ ಗಿರಣಿಯ ಅಜ್ಜ ಬೆನೆವಲೆಂಟ್ ಎಂದಳು. ಗಿರಣಿಯ ಬಾಯಲ್ಲಿ ಉಳಿದ ಹಿಟ್ಟನ್ನೆಲ್ಲ ಬಳಿದು ಎದುರು ಮನೆಯ ಮುದುಕಿಗೆ ಕೊಡುತ್ತಾನೆ, ಮುದುಕಿಗೆ ನಾಚಿಕೆಯಾಗಬಾರದೆಂದು ‘ನಿಮ್ಮ ಬೆಕ್ಕಿಗೆ ಹಾಕ್ರಿ’ ಎನ್ನುತ್ತಾನೆ, ಆಕೆಯ ಮನೆಯಲ್ಲಿ ಬೆಕ್ಕೇ ಇಲ್ಲ ಎಂದಳು. ಅಕ್ಕೋರು ಕಣ್ಣು ಮುಚ್ಚಿ ಕೇಳಿದರು. ‘ಖರೇನು?’ ಎಂದರು. ‘ಖರೇ ರೀ’ ಎಂದಳು. ‘ಕುಂಡ್ರು. ಈಗ ಆ ಪದ ನಿಂದಾತು.’

ನಾನು ಅವರ ಪಾಠವನ್ನು ಮೊದಲು ಕೇಳಿದ್ದು ಹೀಗೆ, ಗೋಡೆಯ ಆಚೆಯಿಂದ. ಗೋಡೆ ಎನ್ನುವುದೂ ತಪ್ಪು, ಅದು ತಗಡಿನ ಪಾರ್ಟಿಶನ್, ನಡುವೆ ಕಣ್ಣಿಟ್ಟು ನೋಡುವಷ್ಟು ಸಂದು. ಮುಂಡರಗಿಯ ಆ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಒಂದು ದೊಡ್ಡ ಹಾಲನ್ನು ತಗಡಿನಿಂದ ಎರಡು ಮಾಡಿ ಈಚೆ ನನ್ನ ವಿಜ್ಞಾನ, ಆಚೆ ಅವರ ಇಂಗ್ಲಿಷ್ ನಡೆಯುತ್ತಿತ್ತು. ನನ್ನ ಮಕ್ಕಳು ಆಮ್ಲ ಪ್ರತ್ಯಾಮ್ಲ ಬರೆದುಕೊಳ್ಳುವುದನ್ನು ಬಿಟ್ಟು ಗಿರಣಿ ಅಜ್ಜನ ಕತೆ ಕೇಳುತ್ತ ಕೂತಿದ್ದರು. ನಾನೂ ಅದನ್ನೇ ಮಾಡುತ್ತಿದ್ದೆನಾದ್ದರಿಂದ ಅವರನ್ನು ಬೈಯಲಿಲ್ಲ.

ಅವರು ತೀರಿಕೊಂಡ ಖಬರನ್ನು ಹೋದ ವಾರ ಅವರ ತಮ್ಮ ಫೋನಿನಲ್ಲಿ ತಿಳಿಸಿದರು. ಆ ಹೊತ್ತಿಗೆ ಲಕ್ಷ್ಮೇಶ್ವರದಲ್ಲಿ ಮಣ್ಣು ಮುಗಿದಿತ್ತು. ಹೋಗಿ ಮುಖ ನೋಡಲಿಕ್ಕಾಗಲಿಲ್ಲ. ಅಂದಿನಿಂದ ಅವರ ಬಗ್ಗೆ ಯಾರಿಗಾದರೂ ಹೇಳಬೇಕೆಂದು ಅನ್ನಿಸುತ್ತಿದೆ. ಹೆಸರು ಹೇಳುವುದಿಲ್ಲ, ಅವರಿಗೆ ಅದು ಸೇರುತ್ತಿರಲಿಲ್ಲ. ನಮಗೆಲ್ಲ ಅವರು ಅಕ್ಕೋರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನೆಲ್ಲ ಹಾಗೇ ಕರೆಯುತ್ತಾರೆ. ಆದರೆ ಆ ಶಾಲೆಯಲ್ಲಿ ಬರೀ ಅಕ್ಕೋರು ಎಂದರೆ ಅವರೊಬ್ಬರೇ.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಧಾರವಾಡಕ್ಕೆ ಹೋಗಿ ಮಾಡಿಸಬೇಕಿದ್ದ ಕೆಲಸಗಳೆಲ್ಲ ಗದಗಿನಲ್ಲೇ ಆಗುತ್ತವೆ ಎಂಬ ಹುರುಪು ಎಲ್ಲರಲ್ಲೂ ಇತ್ತು. ಗದಗಿನವಳಾದ ನನಗೆ ಮುಂಡರಗಿಗೆ ಮೊದಲ ಆರ್ಡರ್ ಬಂದಾಗ ಅಕ್ಕೋರು ತಮ್ಮ ಬಾಡಿಗೆ ಮನೆಯಲ್ಲೇ ಒಂದು ಕೋಣೆ ಬಿಟ್ಟುಕೊಟ್ಟರು. ಅವರು ಅದಕ್ಕೂ ಮೊದಲು ಶಿರಹಟ್ಟಿಯಲ್ಲಿ ಕೆಲಸ ಮಾಡಿದ್ದರು. ಲಕ್ಷ್ಮೇಶ್ವರದಲ್ಲಿ ಅವರಪ್ಪ ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದರು. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಇಂಗ್ಲಿಷ್ ಮಾತ್ರ ಯಾರೂ ಹೇಳಿಕೊಡದೆ ಹಳೆಯ ಪೇಪರಿನಿಂದ ಬಂದದ್ದು ಎಂದು ಹೇಳುತ್ತಿದ್ದರು. ಗಾದಿಯ ಅಂಗಡಿಗೆ ಪೊಟ್ಟಣದ ಜೊತೆ ಬಂದ ಪೇಪರುಗಳಂತೆ. ಅರ್ಧ ಹರಿದ ಹಾಳೆಯಲ್ಲಿ ಅರ್ಧ ಸುದ್ದಿ ಇರುತ್ತಿತ್ತು. ಉಳಿದರ್ಧವನ್ನು ತಾವೇ ಕಟ್ಟಿಕೊಳ್ಳುತ್ತಿದ್ದರು.

ಸಿಲಬಸ್ಸಿನಲ್ಲಿಲ್ಲದ ದೊಡ್ಡ ದೊಡ್ಡ ಪದಗಳನ್ನು ಹಳ್ಳಿಯ ಹುಡುಗಿಯರಿಗೆ ಯಾಕೆ ಕಲಿಸುತ್ತೀರೆಂದು ಹೆಡ್‌ಮಾಸ್ತರರು ಕೇಳಿದ್ದರು. ‘ಜಿಲ್ಲಾ ಆಗೇತ್ರಿ ಸರ್, ಆಫೀಸ್ ಬಂದಾವ. ನಾಳೆ ಈ ಹುಡಿಗ್ಯಾರು ಅಲ್ಲಿ ಬಾಗಲದಾಗ ನಿಂತಾಗ ದೊಡ್ಡ ಪದ ಕೇಳಿ ಅಂಜಬಾರದು’ ಎಂದು ಇವರ ಉತ್ತರ. ದಿನಕ್ಕೊಂದು ಪದ ಬೋರ್ಡಿನ ಮೂಲೆಯಲ್ಲಿ ಬೀಳುತ್ತಿತ್ತು. ಅದರ ಅರ್ಥವನ್ನು ಅವರು ಬರೆಸುತ್ತಿರಲಿಲ್ಲ. ತರಗತಿಯೇ ಜಗಳಾಡಿ ಕಂಡುಕೊಳ್ಳಬೇಕು.

‘ಫ್ರೂಗಲ್’ ಪದದ ದಿನ ಆ ಜಗಳ ಪೂರ್ತಿ ಪಿರಿಯಡ್ ನಡೆಯಿತು. ಮಿತವಾಗಿ ಬಾಳುವವರು ಎಂದು ಅರ್ಥ. ಹಾಗಾದರೆ ಜಿಪುಣರಿಗೂ ಅವರಿಗೂ ಏನು ಫರಕು? ಒಬ್ಬಳು ತನ್ನ ಅಜ್ಜಿ ಒಂದು ಒಲೆಯಿಂದ ಇನ್ನೊಂದು ಒಲೆಗೆ ಸುಟ್ಟ ಕಡ್ಡಿಯಲ್ಲೇ ಬೆಂಕಿ ಹಚ್ಚುತ್ತಾಳೆ, ಆಕೆ ಯಾವುದು ಎಂದು ಕೇಳಿದಳು. ಜಿಪುಣಿ ಎಂದು ಕೆಲವರು, ಅಲ್ಲ ಎಂದು ಕೆಲವರು. ಕೊನೆಗೆ ಮುಂದಿನ ಬೆಂಚಿನ ಒಂದು ಸಣ್ಣ ಹುಡುಗಿ ಎದ್ದು ತೀರ್ಮಾನ ಹೇಳಿದಳು: ‘ತನ್ನ ತಾಟಿನಾಗಿಂದು ಉಳಿಸಿದ್ರ ಫ್ರೂಗಲ್ ರೀ. ನಮ್ಮ ತಾಟಿನಾಗಿಂದು ಉಳಿಸಿದ್ರ ಜಿಪುಣಿ.’ ಅಕ್ಕೋರು ಅದನ್ನು ಹಾಗೇ ಬೋರ್ಡಿನ ಮೇಲೆ ಬರೆದರು. ಯಾವ ಡಿಕ್ಷನರಿಯಲ್ಲೂ ನನಗೆ ಅಷ್ಟು ಸ್ಪಷ್ಟವಾದ ಅರ್ಥ ಸಿಕ್ಕಿಲ್ಲ.

ಉದಾಹರಣೆಯ ವಾಕ್ಯಕ್ಕೆ ಮಾತ್ರ ಅವರದೊಂದೇ ಕಾಯಿದೆ. ವಾಕ್ಯ ಖರೆ ಇರಬೇಕು. ವ್ಯಾಕರಣ ತಪ್ಪಾದರೆ ತಿದ್ದುತ್ತಿದ್ದರು, ಸುಳ್ಳಾದರೆ ತಿರುಗಿ ನೋಡುತ್ತಿರಲಿಲ್ಲ. ‘ಬ್ಲರ್ಡ್’, ಮಸುಕಾದದ್ದು ಎಂಬ ಪದ ಕೊಟ್ಟ ದಿನ ಒಬ್ಬಳು ‘ಅಕ್ಕೋರ ಮುಖ ಬ್ಲರ್ಡ್ ಐತಿ’ ಎಂಬರ್ಥದ ವಾಕ್ಯ ಹೇಳಿದಳು. ತರಗತಿ ಗೊಳ್ಳೆಂದು ನಕ್ಕಿತು. ಅಕ್ಕೋರು ನಗಲಿಲ್ಲ. ಆಕೆಯ ಬೆಂಚಿನ ಹತ್ತಿರ ಹೋಗಿ ನಿಂತು, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ, ‘ಈಗ? ಈಗ?’ ಎಂದು ಕೇಳಿದರು. ಬೋರ್ಡ್ ಮುಟ್ಟುವ ಮೊದಲೇ ಹುಡುಗಿ ‘ಈಗ ಬ್ಲರ್ಡ್ ರೀ’ ಎಂದಳು. ಆ ಶನಿವಾರವೇ ಆಕೆಯನ್ನು ಗದಗಿಗೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿ ಚಷ್ಮಾ ಕೊಡಿಸಿ ತಂದರು. ಅಲ್ಲಿಯವರೆಗೆ ದಡ್ಡಿ ಎನ್ನಿಸಿಕೊಂಡಿದ್ದ ಹುಡುಗಿ ಅದು.

ಕಾಯಿದೆ ಅವರಿಗೂ ಇತ್ತು. ಒಮ್ಮೆ ‘ಸಾಲಿಟ್ಯೂಡ್’, ‘ಲೋನ್ಲಿನೆಸ್’ ಎರಡರ ನಡುವಿನ ಅಂತರ ಹುಡುಗಿಯರಿಗೆ ಬಗೆಹರಿಯದೆ, ನೀವೇ ಒಂದು ಖರೇ ವಾಕ್ಯ ಹೇಳ್ರಿ ಎಂದು ಬೆನ್ನುಬಿದ್ದರು. ಅಕ್ಕೋರು ಕೈಯಲ್ಲಿದ್ದ ಪುಸ್ತಕ ಮುಚ್ಚಿಟ್ಟರು. ಆಮೇಲೆ ಮೊದಲಿನದಕ್ಕೆ, ರವಿವಾರ ಮುಂಜಾನೆ ಪೇಪರ್ ಹಿಡಿದು ಕೂತಾಗ ಇರುತ್ತದಲ್ಲ, ಅದು ಎಂದರು. ಎರಡನೆಯದಕ್ಕೆ, ಹಬ್ಬದ ದಿನ ತಮ್ಮಂದಿರ ಮಕ್ಕಳೆಲ್ಲ ಉಂಡು ತಮ್ಮ ತಮ್ಮ ಅವ್ವಂದಿರ ಮಗ್ಗುಲಲ್ಲಿ ಮಲಗಿದ ಮೇಲೆ ಬರುತ್ತದಲ್ಲ, ಅದು ಎಂದರು. ಅವರು ಮದುವೆಯಾಗಿರಲಿಲ್ಲ.

ನನಗೊಂದು ಕುತೂಹಲ ಕಾಡುತ್ತಿತ್ತು. ಇವರು ಕಲಿಸುತ್ತಿರುವುದು ಇಂಗ್ಲಿಷೋ, ತಿಳಿದುಕೊಳ್ಳುತ್ತಿರುವುದು ಮಕ್ಕಳ ಮನೆಯ ಸುದ್ದಿಯೋ? ಯಾರ ಮನೆಯಲ್ಲಿ ಜಗಳ, ಯಾರು ಬೆಳಿಗ್ಗೆ ಉಣ್ಣದೆ ಬಂದಿದ್ದಾರೆ, ಯಾರ ಅಕ್ಕ ಗಂಡನ ಮನೆ ಬಿಟ್ಟು ಬಂದಿದ್ದಾಳೆ, ಎಲ್ಲ ಆ ವಾಕ್ಯಗಳಲ್ಲಿ ಬರುತ್ತಿತ್ತು. ಒಂದು ಸಂಜೆ ಚಹಾ ಸೋಸುತ್ತಿದ್ದಾಗ ಕೇಳಿಯೇಬಿಟ್ಟೆ.

‘ಮೊದಲ ಹಂಗ ಇರಲಿಲ್ಲ ತಂಗಿ’ ಎಂದರು. ‘ರಾಜಾ, ರಾಣಿ, ಸಿಂಹ ಕೇಳಿ ಕೇಳಿ ನನಗ ಸಾಕಾಗಿತ್ತು. ಅದಕ್ಕ ಖರೇದು ಹೇಳ್ರಿ ಅಂದೆ. ಆಮ್ಯಾಲ ತಿಳೀತು. ಕನ್ನಡದಾಗ ಕೇಳಿದ್ರ ಇವು ಬಾಯಿ ಬಿಡೂದಿಲ್ಲ. ಕನ್ನಡದಾಗ ಹೇಳಿದ್ರ ಮನಿ ಮಾತು ಹೊರಗ ಹಾಕಿದಂಗ. ಇಂಗ್ಲಿಷ್ ಇಲ್ಲಿ ಯಾರ ಮನಿ ಮಾತೂ ಅಲ್ಲ ನೋಡು. ಅದರಾಗ ಹೇಳಾಕ ನಾಚಿಕಿ ಇಲ್ಲ.’

ಅದೇ ವರ್ಷ ನದಿ ದಂಡೆಯ ಹಳ್ಳಿಗಳಿಂದ ಬರುವ ಹುಡುಗಿಯರು ಒಬ್ಬೊಬ್ಬರಾಗಿ ಕಡಿಮೆಯಾಗತೊಡಗಿದರು. ಕೊರ್ಲಹಳ್ಳಿ ರಸ್ತೆಯಲ್ಲಿ ಮುಂಜಾನೆ ಶಾಲೆಯ ಹೊತ್ತಿಗೆ ಬರುತ್ತಿದ್ದ ಒಂದು ಖಾಸಗಿ ಟೆಂಪೊವೇ ಅವರಿಗೆ ಶಾಲೆಗೆ ದಾರಿ. ಯಾಕೆ ಬಂದಿಲ್ಲ ಎಂದು ಕೇಳಿದರೆ ಒಬ್ಬಳಿಗೆ ಹತ್ತಿ ಬಿಡಿಸುವ ಕೆಲಸ, ಒಬ್ಬಳ ಅವ್ವನಿಗೆ ಆರಾಮಿಲ್ಲ, ಒಬ್ಬಳಿಗೆ ಹೊಟ್ಟೆನೋವು. ಸುಗ್ಗಿ ಮುಗಿದ ಮೇಲೆ ಬರುತ್ತಾರೆ ಬಿಡ್ರಿ ಎಂದರು ಹೆಡ್‌ಮಾಸ್ತರರು. ಸುಗ್ಗಿ ಮುಗಿದರೂ ಅವರು ಬರಲಿಲ್ಲ.

ಅಂಥ ಒಂದು ದಿನ ಬೋರ್ಡಿಗೆ ಬಿದ್ದ ಪದ ‘ಪ್ರಿಟೆಕ್ಸ್ಟ್’. ನೆಪ. ಖರೇ ಕಾರಣವನ್ನು ಮುಚ್ಚಲು ಮುಂದೆ ಮಾಡುವ ಸುಳ್ಳು ಕಾರಣ. ಅವರು ಅದನ್ನು ಬೇಕೆಂದೇ ಆರಿಸಿದರೋ ಏನೋ, ನಾನು ಕೇಳಲಿಲ್ಲ. ನಮ್ಮಣ್ಣ ಗುಡಿಗೆ ಹೋಗುವ ನೆಪದಲ್ಲಿ ಮಿರ್ಚಿ ಅಂಗಡಿಗೆ ಹೋಗುತ್ತಾನೆ ಎಂದು ಒಬ್ಬಳು ಹೇಳಿದಳು. ನಗು. ಇನ್ನೊಂದೆರಡು ವಾಕ್ಯ. ಆಮೇಲೆ ಹಿಂದಿನ ಬೆಂಚಿನಿಂದ, ಎಂದೂ ತಾನಾಗಿ ಬಾಯಿ ತೆರೆಯದ ಒಂದು ಹುಡುಗಿಯ ದನಿ ಕೇಳಿತು. ನದಿ ಕಡೆಯ ಹಳ್ಳಿಯಿಂದ ಬರುತ್ತಿದ್ದವಳು. ಪದಕ್ಕೆ ಪದ ಜೋಡಿಸಿ, ನಿಧಾನವಾಗಿ ಹೇಳಿದಳು. ಟೆಂಪೊದ ಕ್ಲೀನರ್ ತಲೆ ಎಣಿಸುವ ನೆಪದಲ್ಲಿ ನಮ್ಮ ಮೈಮೇಲೆ ಕೈ ಹಾಕುತ್ತಾನೆ.

ಆಚೆಯಿಂದ ‘ಖರೇನು?’ ಎಂಬ ಮಾತು ಬರಲಿಲ್ಲ. ‘ಕುಂಡ್ರವಾ’ ಎಂದಷ್ಟೇ ಕೇಳಿಸಿತು.

ಸಂಜೆ ಅಕ್ಕೋರು ಊಟಕ್ಕೆ ಕೂರಲಿಲ್ಲ. ಮನೆಯವರಿಗೆ ಹೇಳಿದರೆ ಕ್ಲೀನರನನ್ನು ಬಿಟ್ಟು ಹುಡುಗಿಯರ ಶಾಲೆಯನ್ನೇ ಬಿಡಿಸುತ್ತಾರೆ, ಹೇಳದಿದ್ದರೆ ಅವು ತಾವಾಗಿಯೇ ಬಿಡುತ್ತವೆ ಎಂದು ಅಡ್ಡಾಡುತ್ತ ಹೇಳಿಕೊಂಡರು. ಹೆಡ್‌ಮಾಸ್ತರರ ಬಳಿ ಆಗಲೇ ಹೋಗಿ ಬಂದಿದ್ದರು. ಆಧಾರ ಬೇಕಲ್ರಿ, ಶಾಲೆಯ ಹೆಸರಿನ ಪ್ರಶ್ನೆ ಎಂದು ಅವರು ಕೈತೊಳೆದುಕೊಂಡಿದ್ದರು. ‘ನಾಳೆ ನನ್ನ ಜೋಡಿ ಬರತೀಯೇನು?’ ಎಂದು ನನ್ನನ್ನು ಕೇಳಿದರು. ಎಲ್ಲಿಗೆಂದು ನಾನು ಕೇಳಲಿಲ್ಲ.

ಬೆಳಗಿನ ಮೊದಲ ಬಸ್ಸಿಗೆ ನದಿ ಕಡೆ ಹೋಗಿ, ಅದೇ ಟೆಂಪೊ ಹತ್ತಿ ವಾಪಸು ಬಂದೆವು. ಒಳಗೆ ಹಾಲಿನ ಕ್ಯಾನು, ಕಾಯಿಪಲ್ಲೆಯ ಬುಟ್ಟಿ, ಪೇಟೆಗೆ ಹೊರಟ ಹೆಂಗಸರು. ಬಾಗಿಲ ಕಡೆ ಒತ್ತಿಕೊಂಡು ನಿಂತ ನಮ್ಮ ಹುಡುಗಿಯರು. ಕ್ಲೀನರ್ ಹಿಂದಿನ ಮೆಟ್ಟಿಲ ಮೇಲೆ ಜೋತುಬಿದ್ದಿದ್ದ. ಕೊರಳಿಗೆ ಕರ್ಚೀಫು ಕಟ್ಟಿಕೊಂಡ, ನೋಡಲು ಸಾದಾ ಇದ್ದ ತರುಣ. ಅಕ್ಕೋರು ಅವನಿಗೂ ಹುಡುಗಿಯರಿಗೂ ನಡುವೆ ಹೋಗಿ ಕಂಬಿ ಹಿಡಿದು ನಿಂತರು. ಗಾಡಿ ಹೊರಟಿತು. ಸ್ವಲ್ಪ ದೂರ ಸಾಗಿದ ಮೇಲೆ, ತರಗತಿಯಲ್ಲಿ ಹೇಳುವ ದನಿಯಲ್ಲೇ, ಇವತ್ತಿನ ಪದ ‘ಟ್ರೆಸ್‌ಪಾಸ್’ ಎಂದರು. ಪರರ ಜಾಗದಲ್ಲಿ ಅವರ ಒಪ್ಪಿಗೆಯಿಲ್ಲದೆ ಕಾಲಿಡುವುದು. ಯಾರಾದರೂ ವಾಕ್ಯ ಹೇಳ್ರಿ ಎಂದರು.

ಹುಡುಗಿಯರು ಒಬ್ಬರ ಹಿಂದೊಬ್ಬರು ಸರಿದರು. ಬದನೆಕಾಯಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದ ಒಬ್ಬ ಹಿರಿಯ ಹೆಂಗಸಿಗೆ ಈ ಆಟ ಮೋಜೆನಿಸಿತು. ನಮ್ಮ ಹಿತ್ತಲಕ್ಕೆ ದಿನಾ ಮಗ್ಗುಲ ಮನೆಯ ಎಮ್ಮೆ ನುಗ್ಗುತ್ತದೆ, ಅದೂ ಈ ಪದಕ್ಕೆ ಬರುತ್ತದೇನು ಎಂದು ಕೇಳಿದಳು. ಬರುತ್ತದೆ ಎಂದರು ಅಕ್ಕೋರು. ಬದು ಒತ್ತಿ ಹೊಲ ಹೂಡಿದ ಮೈದುನನ ಕತೆಯನ್ನು ಇನ್ನೊಬ್ಬಳು ಹೇಳಿದಳು. ಅದೂ ಬರುತ್ತದೆ ಎಂದರು. ಬುಟ್ಟಿಯ ಹೆಂಗಸು ಅಕ್ಕೋರ ಮುಖವನ್ನು ನೋಡಿದಳು, ಅವರ ಹಿಂದೆ ಕುಗ್ಗಿ ನಿಂತಿದ್ದ ಹುಡುಗಿಯರನ್ನು ನೋಡಿದಳು, ಮೆಟ್ಟಿಲ ಮೇಲಿದ್ದವನನ್ನು ನೋಡಿದಳು. ಆಕೆಯ ಮುಖದ ಮೋಜು ಇಳಿಯಿತು.

‘ಮೈಗೂ ಬದು ಇರತೈತೇನ್ರಿ ಅಕ್ಕೋರ?’

‘ಇರತೈತವಾ. ಹೊಲದ ಬದು ಆಮ್ಯಾಲ. ಮೊದಲನೇ ಬದು ಅದ.’

ಮಾರನೆಯ ದಿನ ನಾವು ಹೋದಾಗ ಆ ಹೆಂಗಸರು ತಾವಾಗಿಯೇ ಹಿಂದಿನ ಬಾಗಿಲಿಗೆ ಬುಟ್ಟಿಗಳನ್ನು ಒಡ್ಡಿಕೊಂಡು ಕೂತು, ಹುಡುಗಿಯರನ್ನು ಒಳಗೆ ಮುಂದಕ್ಕೆ ಕಳಿಸಿದ್ದರು. ಆ ವಾರದಲ್ಲೇ ಕ್ಲೀನರ್ ಕಾಣೆಯಾದ. ಟೆಂಪೊದ ಮಾಲೀಕ, ಊರಿನಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದವರು, ನಮ್ಮ ಮನೆಗೇ ಬಂದರು. ಅವರಿಗೆ ಸಿಟ್ಟೂ ಇತ್ತು, ನಾಚಿಕೆಯೂ ಇತ್ತು. ನನಗೊಂದು ಮಾತು ಹೇಳಿದ್ದರೆ ಅಂದೇ ಅವನನ್ನು ಬಿಡಿಸುತ್ತಿದ್ದೆ, ಗಾಡಿಯ ತುಂಬ ಯಾಕೆ ಸಾರಿದಿರಿ ಎಂದರು. ನಿಮಗೆ ಹೇಳಿದ್ದರೆ ಅವನೊಬ್ಬ ಹೋಗುತ್ತಿದ್ದ, ನಾಳೆ ಇನ್ನೊಬ್ಬ ಬರುತ್ತಿದ್ದ, ಈಗ ಕಾಯುವವರು ಗಾಡಿಯೊಳಗೇ ಇದ್ದಾರೆ ಎಂದು ಅಕ್ಕೋರು ಶಾಂತವಾಗಿ ಹೇಳಿ ಅವರಿಗೂ ಚಹಾ ಕೊಟ್ಟರು.

ಬಿಟ್ಟುಹೋದ ಹುಡುಗಿಯರು ಒಬ್ಬೊಬ್ಬರಾಗಿ ತಿರುಗಿ ಬಂದರು. ಈಗ ಹೊಸದಾಗಿ ಬರುವುದನ್ನು ಬಿಟ್ಟವಳು ಒಬ್ಬಳೇ, ಆ ವಾಕ್ಯ ಹೇಳಿದವಳು. ಮಾತು ಟೆಂಪೊದಿಂದ ಹಳ್ಳಿಗೆ ಇಳಿದಿತ್ತು. ಯಾವ ಹುಡುಗಿ ಮೊದಲು ಬಾಯಿ ಬಿಟ್ಟಳೆಂಬುದು ಆಕೆಯ ಅಪ್ಪನ ಕಿವಿಗೆ ಬಿದ್ದು, ಆತ ಮಗಳನ್ನು ಮನೆಯಲ್ಲೇ ಕೂರಿಸಿದ್ದ. ಪರೀಕ್ಷೆ ಬಹಳ ದೂರವಿರಲಿಲ್ಲ.

ಅಕ್ಕೋರು ಅಷ್ಟು ಕಳಾಹೀನರಾದದ್ದನ್ನು ನಾನು ನೋಡಿರಲಿಲ್ಲ. ‘ಖರೇ ಹೇಳು ಅಂದಾಕಿ ನಾನು. ದಂಡಾ ಕಟ್ಟಿದಾಕಿ ಆ ಹುಡುಗಿ’ ಎಂದರು. ಮರುದಿನ ತರಗತಿಯಲ್ಲಿ ತಮ್ಮ ಕಾಯಿದೆಗೆ ಒಂದು ತಿದ್ದುಪಡಿ ಮಾಡಿದರು. ವಾಕ್ಯ ಖರೆಯೇ ಇರಬೇಕು. ಆದರೆ ಕೆಲವನ್ನು ಎಲ್ಲರ ಮುಂದೆ ಹೇಳಬೇಕಾಗಿಲ್ಲ. ಕಿವಿಯಲ್ಲಿ ಬಂದು ಹೇಳಿದರೂ ಪದ ನಿಮ್ಮದೇ.

ರವಿವಾರ ನಾವಿಬ್ಬರೂ ಆ ಹಳ್ಳಿಗೆ ಹೋದೆವು. ನದಿಗೆ ಮೋಟಾರು ಇಟ್ಟು ಮೆಣಸಿನಕಾಯಿ ಬೆಳೆಯುತ್ತಿದ್ದ ಮನೆ. ಹುಡುಗಿಯ ಅಪ್ಪ ಎದ್ದು ಕಂಬಳಿ ಹಾಸಿ ಕೂರಿಸಿದ, ನೀರು ಕೊಡಿಸಿದ, ಮುಖ ಮಾತ್ರ ಎತ್ತಲಿಲ್ಲ.

‘ನೀವು ಇದನ್ನ ಕಲಿಸಿದ್ರೇನ್ರಿ ಅಕ್ಕೋರ? ಮನಿ ಮಾನ ಬಯಲಿಗೆ ಹಾಕೂದು?’

‘ಆಕಿ ಬಯಲಿಗೆ ಹಾಕಿದ್ದು ಕಳ್ಳನ್ನ ರೀ. ನಿಮ್ಮ ಮಾನ ಅಲ್ಲ.’

ಆತ ಒಪ್ಪಲಿಲ್ಲ. ಜಗಳವನ್ನೂ ಆಡಲಿಲ್ಲ. ಮಗಳನ್ನು ಕಳಿಸುವುದಿಲ್ಲ ಎಂದ. ಹಾಗಾದರೆ ನಾವೇ ಇಲ್ಲಿಗೆ ಬಂದು ಕಲಿಸುತ್ತೇವೆ, ಅದಕ್ಕೇನಾದರೂ ಅಡ್ಡಿಯೇ ಎಂದು ಅಕ್ಕೋರು ಕೇಳಿದರು. ಮನೆಗೆ ಬಂದವರನ್ನು ಬೇಡ ಎನ್ನುವುದು ಆತನಿಗೂ ಆಗಲಿಲ್ಲ.

ಹಾಗೆ ರವಿವಾರಗಳು ಶುರುವಾದವು. ಅಂಗಳದ ಬೇವಿನ ಕೆಳಗೆ ಅವರು ಇಂಗ್ಲಿಷ್, ನಾನು ವಿಜ್ಞಾನ ಮತ್ತು ಗಣಿತ. ಹುಡುಗಿ ಚುರುಕಾಗಿದ್ದಳು, ಆದರೆ ಹೇಳಿದ ವಾಕ್ಯಗಳಲ್ಲಿ ಜೀವವಿರಲಿಲ್ಲ. ಆಕಾಶ ನೀಲಿಯಾಗಿದೆ, ಹಕ್ಕಿ ಹಾರುತ್ತದೆ. ಅಕ್ಕೋರು ಅವನ್ನೂ ಒಪ್ಪಿಕೊಂಡರು. ಅಪ್ಪ ದೂರದಲ್ಲಿ ನಮಗೆ ಬೆನ್ನು ತಿರುಗಿಸಿ, ಹಗ್ಗ ಹೊಸೆಯುವುದೋ ಮೋಟಾರು ಬಿಚ್ಚಿ ಜೋಡಿಸುವುದೋ ಮಾಡುತ್ತ ಕೂರುತ್ತಿದ್ದ. ಪ್ರತಿ ವಾರ ಆ ಬೆನ್ನು ಬೇವಿನ ಗಿಡಕ್ಕೆ ಸ್ವಲ್ಪ ಸಮೀಪ ಬರುತ್ತಿದೆ ಎಂದು ನನಗೆ ಅನ್ನಿಸುತ್ತಿತ್ತು. ಅಕ್ಕೋರಿಗೆ ಹೇಳಿದರೆ, ನೋಡಬ್ಯಾಡ, ನೋಡಿದರೆ ಅಲ್ಲೇ ನಿಲ್ಲುತ್ತದೆ ಎಂದರು.

ಒಂದು ರವಿವಾರ ಆತ ಮೋಟಾರಿಗೆಂದು ತಂದ ಬೇರಿಂಗಿನ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ನಮ್ಮನ್ನು ಕೇಳದೆ, ಮಗಳ ಕಡೆ ಡಬ್ಬಿಯನ್ನು ಚಾಚಿ, ಇಲ್ಲಿ ದಪ್ಪ ಅಕ್ಷರದಲ್ಲಿ ಏನು ಬರೆದಿದೆ ಎಂದ. ಆಕೆ ಓದಿದಳು. ‘ಜೆನ್ಯುಯಿನ್’. ಅಂದರೆ? ನಕಲಿ ಅಲ್ಲದ್ದು, ಒಳಗೂ ಹೊರಗೂ ಒಂದೇ ಇರುವುದು ಎಂದಳು. ಆತ ತಲೆಯಾಡಿಸಿ ಹೊರಡುವಷ್ಟರಲ್ಲಿ ಅಕ್ಕೋರು, ರೂಢಿಯ ಪ್ರಕಾರ, ವಾಕ್ಯ ಹೇಳವಾ ಎಂದುಬಿಟ್ಟರು. ಹುಡುಗಿ ಅಪ್ಪನ ಮುಖ ನೋಡಿದಳು. ‘ಮೈ ಫಾದರ್ಸ್ ಆ್ಯಂಗರ್ ಈಸ್ ಜೆನ್ಯುಯಿನ್’ ಎಂದಳು.

ಫಾದರ್ ಎಂಬುದಷ್ಟು ಆತನಿಗೆ ತಿಳಿಯಿತು. ನನ್ನ ಬಗ್ಗೆ ಏನಂದೆ ಎಂದು ಕೇಳಿದ. ಆಕೆ ನೆಲ ನೋಡುತ್ತ ಕನ್ನಡದಲ್ಲಿ ಹೇಳಿದಳು: ‘ನಿನ್ನ ಸಿಟ್ಟು ಖರೇದು ಅಂದೆಪ್ಪಾ. ಆದ್ರ ಅದು ನನ್ನ ಮ್ಯಾಲಿಂದಲ್ಲ.’

ಎರಡನೆಯ ಮಾತು ಇಂಗ್ಲಿಷಿನಲ್ಲಿ ಇರಲೇ ಇಲ್ಲ. ಅಕ್ಕೋರು ತಿದ್ದಲಿಲ್ಲ. ಆತ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊಳೆಯ ಕಡೆ ಇಳಿದು ಹೋದ. ನಾವು ಬಸ್ಸಿಗೆ ಹೊರಡುವ ತನಕ ತಿರುಗಿ ಬರಲಿಲ್ಲ. ಕೆಟ್ಟಿತೋ ಏನೋ ಎಂದು ನನಗೆ ಅಂಜಿಕೆ.

ಮಾರನೆಯ ದಿನ ಪ್ರಾರ್ಥನೆಗೆ ಮೊದಲು ನಾವು ಗೇಟಿನಲ್ಲಿ ನಿಂತಿದ್ದಾಗ ಟೆಂಪೊ ಬಂತು. ಹಿಂದಿನಿಂದ ಎಲ್ಲ ಹುಡುಗಿಯರ ಜೊತೆ ಆಕೆಯೂ ಇಳಿದಳು. ಮುಂದಿನ ಸೀಟಿನಿಂದ ಆಕೆಯ ಅಪ್ಪ ಇಳಿದ. ಒಗೆದ ಧೋತ್ರ ಉಟ್ಟಿದ್ದ, ತಲೆಗೆ ರುಮಾಲು ಸುತ್ತಿದ್ದ. ಮಗಳನ್ನು ಒಳಗೆ ಕಳಿಸಿ, ಆಕೆ ವರಾಂಡಾ ದಾಟುವವರೆಗೆ ನೋಡುತ್ತ ನಿಂತು, ಆಮೇಲೆ ಅಕ್ಕೋರ ಕಡೆ ತಿರುಗಿದ.

‘ನನಗೂ ಒಂದು ಪದ ಕೇಳೂದೈತ್ರಿ’ ಎಂದ. ‘ಊರ ಮಂದಿ ಮಾತು ಕೇಳಿ ಮಗಳ್ನ ಶಾಲಿ ಬಿಡಿಸಿ, ಮತ್ತ ತಾನ ಕೈ ಹಿಡಿದು ಕರಕೊಂಡು ಬಂದವಗ ಇಂಗ್ಲಿಷಿನಾಗ ಏನಂತಾರ್ರಿ?’

ಬೈಗುಳವೊಂದನ್ನು ಕೇಳಿಸಿಕೊಳ್ಳಲು ಸಿದ್ಧನಾಗಿ ನಿಂತವನ ಹಾಗೆ ನಿಂತಿದ್ದ. ಅಕ್ಕೋರು ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡರು. ಅವರಿಗೆ ಗೊತ್ತಿದ್ದ ಅಷ್ಟೆಲ್ಲ ದೊಡ್ಡ ಪದಗಳಲ್ಲಿ ಯಾವುದನ್ನು ಆರಿಸುತ್ತಾರೆಂದು ನಾನೂ ಕಾದೆ.

‘ಅದಕ್ಕ ಇಂಗ್ಲಿಷ್ ಬ್ಯಾಡ್ರಿ ಯಜಮಾನ್ರ’ ಎಂದರು. ‘ಕನ್ನಡದಾಗ ಅಪ್ಪ ಅಂತಾರ.’